ಇನ್ಮ್ಯಾಲೆ ಸುನಿತಾ

ನನ್ನ ಹೆಸರು ಮುದುಕಮ್ಮ. ವಯಸ್ಸು ಇಪ್ಪತ್ತನಾಲ್ಕು. ನಗಬೇಕೆನ್ನುವವರು ಈಗಲೇ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ. ಒಂದನೇ ತರಗತಿಯಿಂದ ರೂಢಿಯಾಗಿದೆ.

ಗಂಗಾವತಿಯಿಂದ ಕೊಪ್ಪಳದ ಬಸ್ಸು ಹತ್ತಿ ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ಚಾಚಿದರೆ ಕಂಡಕ್ಟರ್ ಒಮ್ಮೆ ಕಾರ್ಡ್ ನೋಡುತ್ತಾನೆ, ಒಮ್ಮೆ ನನ್ನ ಮುಖ ನೋಡುತ್ತಾನೆ. “ಅಜ್ಜಿ ಕಾರ್ಡ್ ತಂದೀರೇನ್ರಿ ಅಕ್ಕಾರ?” ಎಂದು ಕೇಳಿದ ಪುಣ್ಯಾತ್ಮನೂ ಇದ್ದಾನೆ. ನಾನು ಇಂಗ್ಲಿಷ್ ಕಲಿಸುವ ಗಂಗಾವತಿಯ ಶಾಲೆಯಲ್ಲಿ ಮಕ್ಕಳು “ಮುದುಕಮ್ಮ ಮಿಸ್” ಎಂದು ಕರೆದು, ತಾವೇ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾರೆ. ನನ್ನ ನೋಡಲು ಬಂದ ಗಂಡಿನ ತಾಯಿಯೊಬ್ಬಳು ಚಹಾ ಕುಡಿದು ಬಟ್ಟಲು ಇಡುತ್ತ, “ನಮ್ಮ ಮನ್ಯಾಗ ಆಗಲೇ ಒಬ್ಬಾಕಿ ಮುದುಕಿ ಅದಾಳ್ರಿ, ಇನ್ನೊಬ್ಬಾಕಿ ಯಾಕ?” ಎಂದು ಚೇಷ್ಟೆ ಮಾಡಿದಳು. ಆ ಗಂಡು ನನಗೂ ಬೇಡವಾಗಿದ್ದ, ಆ ಮಾತು ಬೇರೆ.

ನಮ್ಮ ಕಡೆ ಈ ಹೆಸರು ಹೊಸದಲ್ಲ. ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎನ್ನುತ್ತಾರೆ, ಫಕೀರನ ಜೋಳಿಗೆಗೆ ಮುಟ್ಟಿಸಿ ಫಕೀರಮ್ಮ ಎನ್ನುತ್ತಾರೆ, ಮುದುಕಿಯಾಗುವ ತನಕ ಬಾಳಲಿ ಎಂದು ಮುದುಕಮ್ಮ ಎನ್ನುತ್ತಾರೆ. ಬೇರೆ ಊರುಗಳಲ್ಲಿ ಸುಮ್ಮನೆ ಹೆಸರಿಟ್ಟು ತೊಟ್ಟಿಲು ತೂಗಿಬಿಡುತ್ತಾರಂತೆ. ಕಾಲುವೆ ದಂಡೆಯ ನಮ್ಮ ಊರಿನಲ್ಲಿ, ಅದರಲ್ಲೂ ನಮ್ಮ ಓಣಿಯಲ್ಲಿ, ಕಟ್ಟಳೆ ಸ್ವಲ್ಪ ಬಿಗಿ. ಆ ಹೆಸರನ್ನು ಹೊತ್ತು ನಿಜವಾಗಿಯೂ ಮುದುಕಿಯಾದವಳ ಹತ್ತಿರ ಹೋಗಿ ಕೇಳಿ ತರಬೇಕು. ಆಕೆ ಕೂಸಿನ ಕಿವಿಯಲ್ಲಿ ತನ್ನ ಹೆಸರು ಹೇಳಿ ಕೊಡಬೇಕು. ಕೊಟ್ಟ ಮೇಲೆ ಅದು ಆಕೆಯದಲ್ಲ. ಯಾರೂ ಆಕೆಯನ್ನು ಆ ಹೆಸರು ಹಿಡಿದು ಕರೆಯಬಾರದು, ಕರೆದರೂ ಆಕೆ ಓಗೊಡಬಾರದು.

ಅವ್ವ ಹುಲಿಗವ್ವನಿಗೆ ನನಗಿಂತ ಮೊದಲು ಹುಟ್ಟಿದವರು ಯಾರೂ ಉಳಿಯಲಿಲ್ಲ. ನಾನು ಹುಟ್ಟಿದಾಗ ಅಪ್ಪ ಲಕ್ಷ್ಮಣಪ್ಪ ಒಂದು ಇಳಕಲ್ ಸೀರೆ, ಒಂದು ಮೊರದ ತುಂಬ ಅಕ್ಕಿ ತೆಗೆದುಕೊಂಡು ಓಣಿಯ ಕೊನೆಯ ಮನೆಗೆ ಹೋದ. ಆ ಮನೆಯ ಮುದುಕಮ್ಮ ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟಳು. ಅವತ್ತಿನಿಂದ ಆಕೆ ಓಣಿಗೆಲ್ಲ ಬರೀ ಆಯಿ, ಬರೀ ಅಜ್ಜಿ. ರೇಷನ್ ಕಾರ್ಡಿನಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು, ಸರಕಾರಕ್ಕೆ ನಮ್ಮ ಓಣಿಯ ಕಟ್ಟಳೆ ಗೊತ್ತಿಲ್ಲವಲ್ಲ.

ಅವ್ವ ಹೇಳುವ ಪ್ರಕಾರ ಅದು ಬಂದೇ ಬರುತ್ತದೆ. ಅವ್ವ ಸಾವನ್ನು ಸಾವು ಎನ್ನುವುದಿಲ್ಲ, “ಅದು” ಎನ್ನುತ್ತಾಳೆ. ಅದು ಓಣಿಗೆ ಬಂದು ಮುದುಕಮ್ಮ ಯಾರು ಎಂದು ಹುಡುಕಿತಂತೆ. ಒಂದು ಮನೆಯಲ್ಲಿ ತೊಟ್ಟಿಲ ಕೂಸು ಮಲಗಿತ್ತು. ಇದು ಮುದುಕಿಯಲ್ಲ ಎಂದು ಮುಂದೆ ಹೋಯಿತು. ಇನ್ನೊಂದು ಮನೆಯಲ್ಲಿ ಮುದುಕಿ ಇದ್ದಳು, ಆಕೆಗೆ ಹೆಸರೇ ಇರಲಿಲ್ಲ. ತಲೆ ಕೆರೆದುಕೊಂಡು ಕಾಲುವೆ ದಾಟಿ ಹೋಯಿತು. ಹೀಗೆ ಇಬ್ಬರೂ ಉಳಿದೆವು. ನಾನು ಸಣ್ಣವಳಿದ್ದಾಗ ಈ ಕತೆ ಕೇಳುತ್ತ ಊಟ ಮಾಡುತ್ತಿದ್ದೆ, ಕತೆ ನಿಂತರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ಇದ್ದರೂ ನನಗೆ ಸುನಿತಾ ಆಗಬೇಕಿತ್ತು. ಚೆಂದದ ಹೆಸರು ಅಂತಲ್ಲ. ನಾನು ಓದಿದ ಪ್ರತಿ ತರಗತಿಯಲ್ಲೂ ಇಬ್ಬರು ಸುನಿತಾ ಇರುತ್ತಿದ್ದರು. ಹಾಜರಿ ಕೂಗುವಾಗ ಯಾರೂ ಅವರತ್ತ ತಿರುಗಿ ನೋಡುತ್ತಿರಲಿಲ್ಲ. ಆ ಇಬ್ಬರಲ್ಲಿ ಒಬ್ಬಳಾಗಬೇಕು ಎನ್ನುವುದು ನನ್ನ ಆಸೆ. ಜೀವನದಲ್ಲಿ ಒಮ್ಮೆಯಾದರೂ ವಯಸ್ಸಿಗೆ ತಕ್ಕ ಹೆಸರಿನಿಂದ ಕರೆಸಿಕೊಳ್ಳಬೇಕು ಎನ್ನಿಸಿತ್ತು.

ಶನಿವಾರ ಶಾಲೆ ಬೇಗ ಬಿಟ್ಟಿತು. ಕೊಪ್ಪಳಕ್ಕೆ ಹೋದೆ. ಕೋರ್ಟಿನ ಎದುರಿನ ಸಾಲಿನಲ್ಲಿ ನೋಟರಿ ಮಾಡುವ ಪ್ರಭುರಾಜ ವಕೀಲರದು ಸಣ್ಣ ಕೋಣೆ. ಅವರು ಕನ್ನಡಕ ಏರಿಸಿ, ಟೈಪಾದ ಅಫಿಡವಿಟ್ಟನ್ನು ಇಂಗ್ಲಿಷಿನಲ್ಲೇ ಓದಿದರು. ಮುದುಕಮ್ಮ ತಂದೆ ಲಕ್ಷ್ಮಣಪ್ಪ ಎಂಬ ನಾನು, ಎಂದು ಶುರುವಾದ ವಾಕ್ಯ ಎಲ್ಲೆಲ್ಲೋ ಸುತ್ತಿ “ಹೆನ್ಸ್‌ಫೋರ್ತ್” ಎಂಬಲ್ಲಿಗೆ ಬಂದು, ಅಲ್ಲಿಂದ ಸುನಿತಾ ಎಂಬ ಹೆಸರಿನ ಮೇಲೆ ಕುಳಿತಿತು.

ಆ ಶಬ್ದ ನನಗೆ ಹೊಸದಲ್ಲ. ನಾನು ಕಲಿಸುವ ಪಾಠವೊಂದರಲ್ಲಿ ರಾಜನೊಬ್ಬ ಸಿಂಹಾಸನದಿಂದ ಎದ್ದು ಅದನ್ನು ಹೇಳುತ್ತಾನೆ. ಮಕ್ಕಳಿಗೆ ಹಲಗೆಯ ಮೇಲೆ ಅರ್ಥ ಬರೆದುಕೊಟ್ಟಿದ್ದೆ: ಇನ್ನು ಮುಂದೆ, ಈ ಗಳಿಗೆಯಿಂದ. ಆಜ್ಞೆ, ಕರಾರು, ಪ್ರತಿಜ್ಞೆಗಳಲ್ಲಿ ಬಳಸುವುದು. ಪೇಟೆಗೆ ಹೋಗಿ ಟೊಮೆಟೊ ಕೊಳ್ಳುವಾಗ ಬಳಸಬೇಡಿ ಎಂದೂ ಹೇಳಿದ್ದೆ. ಮಕ್ಕಳು ನಕ್ಕಿದ್ದರು. ಆದರೆ ನನ್ನದೇ ಹೆಸರಿನ ಮುಂದೆ ಅದನ್ನು ಕೇಳಿದಾಗ ನನಗೆ ನಗು ಬರಲಿಲ್ಲ.

“ಯಾವಾಗಿಂದ ಅಂತ ಲೆಕ್ಕ ಸರ್?” ಎಂದೆ.

“ನೀ ಸಹಿ ಮಾಡಿ ಪೆನ್ನು ಮ್ಯಾಲಕ್ಕ ಎತ್ತತಿ ನೋಡು, ಅಲ್ಲಿಂದ. ಈ ಶಬ್ದ ಭಾಳ ಗಟ್ಟಿ ಐತವಾ. ಇದರ ಹಿಂದ ಇದ್ದಾಕಿ ಬ್ಯಾರೆ, ಮುಂದ ಬರಾಕಿ ಬ್ಯಾರೆ. ಮನ್ಯಾಗ ಹೇಳಿಯೇನು?”

ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿದೆ. ಅವರಿಗೆ ತಿಳಿಯಿತು.

“ಸೋಮವಾರ ಬಾ. ಹೇಳಿ ಬಾ. ಅವಸರ ಏನೈತಿ, ಹೆಸರೇನು ಓಡಿ ಹೋಗತೈತೇನು?” ಎಂದು ಕಾಗದವನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು.

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಲ್ಲುಗುಡ್ಡಗಳನ್ನು ದಾಟಿ ಗದ್ದೆ ಶುರುವಾಗುವ ಹೊತ್ತಿಗೆ ಬಿಸಿಲು ಮೆತ್ತಗಾಗಿತ್ತು. ಮಿಲ್ಲುಗಳಲ್ಲಿ ನೆಲ್ಲು ಬೇಯಿಸುವ ವಾಸನೆ ಒಳಗೆ ಬರುತ್ತಿತ್ತು. ನಾನು ಆ ಶಬ್ದವನ್ನು ಬಾಯೊಳಗೇ ಹೊರಳಿಸುತ್ತಿದ್ದೆ. ಕನ್ನಡದಲ್ಲಿ ಇದಕ್ಕೆ ಸಾಟಿ ನಮ್ಮ ಮನೆಯ “ಇನ್ಮ್ಯಾಲೆ”. ಅದಕ್ಕೆ ಮೂರು ಕಾಸಿನ ಕಿಮ್ಮತ್ತಿಲ್ಲ. ಅಪ್ಪ ಮಿಲ್ಲಿನಲ್ಲಿ ಹಮಾಲಿ ಮುಗಿಸಿ ಬಂದು, “ಇನ್ಮ್ಯಾಲೆ ಕುಡಿಯೂದಿಲ್ಲ” ಎಂದು ಹುಲಿಗೆಮ್ಮ ದೇವಿಯ ಆಣೆ ಹಾಕುತ್ತಾನೆ. ಆಣೆ ಮುಂದಿನ ಸಂಜೆಗೆ ಹಳತಾಗುತ್ತದೆ. ಅವ್ವ ಕೋಳಿಗೆ, “ಇನ್ಮ್ಯಾಲೆ ಒಳಗ ಬಂದ್ರ ಸಾರು ಮಾಡತೀನಿ” ಎನ್ನುತ್ತಾಳೆ. ಕೋಳಿ ಅವಳ ಕಾಲ ಸಂದಿಯಲ್ಲೇ ಒಳಗೆ ಬರುತ್ತದೆ. ಇಂಗ್ಲಿಷಿನ ಶಬ್ದ ಹಾಗಲ್ಲ. ಹಿಂದಕ್ಕೆ ಬರಲು ಅದರಲ್ಲಿ ಬಾಗಿಲು ಇಲ್ಲ ಎನ್ನಿಸಿತು.

ಹಾಗೇ ಕಣ್ಣು ಹತ್ತಿತು. ಕನಸಿನಲ್ಲಿ ನಾನೂ ಆಯಿಯೂ ಕಾಲುವೆಯ ಮೇಲೆ ನಡೆಯುತ್ತಿದ್ದೆವು. ನೀರಿರಲಿಲ್ಲ, ಕಾಲುವೆಯ ತುಂಬ ನೆಲ್ಲು ಬೇಯಿಸಿದ ಹಬೆ ನಿಧಾನ ಹರಿಯುತ್ತಿತ್ತು. ಕಾಲು ಮುಳುಗುತ್ತಿದ್ದವು, ಒದ್ದೆಯಾಗುತ್ತಿರಲಿಲ್ಲ. ಆಯಿಗೆ ನನ್ನಷ್ಟೇ ವಯಸ್ಸು, ಉದ್ದ ಜಡೆ. ಆಚೆ ದಂಡೆಯಿಂದ ಯಾರೋ “ಮುದುಕಮ್ಮಾ” ಎಂದು ಕೂಗಿದರು. ಓ ಎನ್ನುವವರು ಯಾರು ಎಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಯಿ ನಗುತ್ತಿದ್ದಳು. ಅಷ್ಟರಲ್ಲಿ ಕಂಡಕ್ಟರ್ “ಗಂಗಾವತಿ, ಗಂಗಾವತಿ” ಎಂದು ಬಾಗಿಲು ಬಡಿದ.

ಅವ್ವ ಅಂಗಳದಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಎದುರಿಗೆ ಕುಳಿತು ಹೇಳಿಬಿಟ್ಟೆ. ಮೊರ ನಿಂತಿತು.

“ಆ ಹೆಸರು ನಿನಗ ಏನ ಮಾಡೇತಿ?”

“ಏನೂ ಮಾಡಿಲ್ಲವ್ವ.”

“ಮಾಡೇತಿ. ಬದುಕಿಸೇತಿ.”

“ಅವ್ವಾ, ಅದು ಬರಬೇಕಂದ್ರ ಆಧಾರ್ ಕಾರ್ಡ್ ಕೇಳಂಗಿಲ್ಲ” ಎಂದೆ. ನನ್ನ ಬಾಯಿಯೇ ಹಾಗೆ, ಆಡಿದ ಮೇಲೆ ಕಚ್ಚಿಕೊಳ್ಳುತ್ತೇನೆ.

ಅವ್ವ ಸಿಟ್ಟಾಗಲಿಲ್ಲ. “ಬ್ಯಾಡಾದ್ರ ಒಗಿಯಾಕ ಅದೇನು ಹರಕ ಸೀರಿಯಾ? ಕೇಳಿ ತಂದದ್ದು. ಕೊಟ್ಟಾಕಿ ಇನ್ನೂ ಅದಾಳ. ಬಿಡಬೇಕಂದ್ರ ಅಕಿಗೆ ತಿರುಗಿ ಕೊಡಬೇಕು. ಕೊಟ್ರ ಇಬ್ಬರೂ ಅದರ ಮುಂದ ಬಯಲಿಗೆ ಬೀಳ್ತೀರಿ. ಅಕಿಗೂ ಹೆಸರು ಬರತೈತಿ, ನೀನೂ ಬರಿಗೈ ಆಗ್ತಿ” ಎಂದು ಹೇಳಿ, ಮತ್ತೆ ಕೇರತೊಡಗಿದಳು. ಮೊರದಲ್ಲಿ ಕಲ್ಲು, ಹೊಟ್ಟು ಏನೂ ಉಳಿದಿರಲಿಲ್ಲ, ಆದರೂ ಕೇರುತ್ತಲೇ ಇದ್ದಳು.

ಮರುದಿನ ಭಾನುವಾರ. ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಅಡ್ಡಾದೆ. ಜೊಂಪು ಹತ್ತುವಾಗ ಮೂಗಿನ ಕೆಳಗೆ ಏನೋ ಸುಳಿಯಿತು. ಅವ್ವನ ಬೆರಳು. ನಾನು ಸಣ್ಣವಳಿದ್ದಾಗಿನಿಂದ ಅವಳಿಗೆ ಇದೊಂದು ಚಾಳಿ. ಮಲಗಿದ ಮಗಳ ಉಸಿರು ಆಡುತ್ತಿದೆಯೇ ಎಂದು ನೋಡುತ್ತಾಳೆ. ಬರುಬರುತ್ತ ಬಿಟ್ಟಿದ್ದಳು. ಈಗ ಮತ್ತೆ ಶುರುವಾಗಿದೆ. ನಾನು ಕಣ್ಣು ತೆರೆಯಲಿಲ್ಲ. ಅವಳಿಗೆ ಗೊತ್ತಾಗಲಿ ಎಂದು ಸ್ವಲ್ಪ ಜೋರಾಗಿ ಉಸಿರಾಡಿದೆ. ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ನನಗೆ ಅವ್ವನ ಮೇಲೆ ಕೋಪವೂ ಬಂತು, ಮರುಕವೂ ಬಂತು.

ಬಿಸಿಲು ಇಳಿದ ಮೇಲೆ ಎದ್ದು ಆಯಿಯ ಹತ್ತಿರ ಹೋದೆ. ಆಕೆ ಬೇವಿನ ಮರದ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಕಣ್ಣು ಮಂಜು, ಕಿವಿ ಚುರುಕು. ಓಣಿಯಲ್ಲಿ ಯಾವ ಸುದ್ದಿ ನಿಲ್ಲುತ್ತದೆ? ಆಗಲೇ ಆಕೆಗೆ ಮುಟ್ಟಿತ್ತು.

“ತಂದಿಯೇನು?” ಎಂದಳು.

“ಏನು ಆಯಿ?”

“ನನ್ನ ಹೆಸರು.”

ಇಂಗ್ಲಿಷ್ ಕಲಿಸುವವಳು ನಾನು, ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಆ ಸುಕ್ಕು ಮುಖ ನೋಡಿದಾಗ, ಇದನ್ನು ಕೊಟ್ಟು ಈಕೆಯನ್ನು ಕಳಿಸುವವಳು ನಾನಾಗಬೇಕೆ ಎನ್ನಿಸಿತು.

“ಕೊಟ್ರ ನೀ ಹೋಗಿಬಿಡ್ತಿಯಂತ. ಅವ್ವ ಹೇಳ್ತಾಳ.”

ಆಯಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. “ಹೋಗಾಕ ಹೆಸರು ಯಾಕ ಬೇಕ? ಹೋಗಾಕ ಕಾಲು ಬೇಕು. ನನಗ ಈ ಕಟ್ಟಿ ಇಳಿಯಾಕ ಆಗಂಗಿಲ್ಲ.”

“ಮತ್ತ್ಯಾಕ ಬೇಕು?”

“ಕರೀಲಿ ಅಂತ” ಎಂದಳು. “ಆಯಿ ಅಂತಾರ. ಮುದುಕಿ ಆದಾಕಿಗೆ ಯಾರಿಗರ ಅಂತಾರ ಅದನ್ನ. ನಮ್ಮವ್ವ ಗದ್ದಿ ಆ ಕಡಿಂದ ನನ್ನ ಹೆಸರು ಹಿಡಿದು ಒದರ್ತಿದ್ಲು, ಕೊಕ್ಕರಿ ಎಲ್ಲಾ ಎದ್ದು ಹಾರತಿದ್ವು. ನನ್ನ ಗಂಡ ಒಬ್ಬ, ಹೆಸರು ಕರೀಬಾರದಂದ್ರೂ ಸಣ್ಣಗ ಕರೀತಿದ್ದ. ಓಣ್ಯಾಗ ಯಾರರ ನಿನ್ನ ಕರದಾಗ ನಾ ಇಲ್ಲಿ ಕುಂತು ಬಾಯಿ ಮುಚಿಗೊಂತೀನಿ. ಓ ಅಂತ ಬಾಯಿಗೆ ಬಂದಿರತೈತಿ. ನುಂಗತೀನಿ. ನಿನ್ನ ಜೀವಕ್ಕ ಎರವಾದೀತು ಅಂತ ನುಂಗತೀನಿ.”

ನಾನು ಹುಟ್ಟಿದಾಗಿನಿಂದ ಆ ಕಟ್ಟೆಯ ಮುಂದೆ ಓಡಾಡಿದ್ದೇನೆ. ಆಕೆ ಹಾಗೆ ನುಂಗಿಕೊಂಡು ಕುಳಿತದ್ದು ನನಗೆ ಒಮ್ಮೆಯೂ ಕಾಣಲಿಲ್ಲ. ನನಗೆ ಬೇಡವಾಗಿದ್ದ ಹೆಸರು ಆಕೆಗೆ ಎಷ್ಟು ಬೇಕಾಗಿತ್ತು ಎಂದು ಈಗ ತಿಳಿಯಿತು.

“ಹ್ಯಾಂಗ ಕೊಡಬೇಕು ಆಯಿ? ಕಾಯಿ, ಸೀರಿ ಏನೂ ತಂದಿಲ್ಲ.”

“ಬಾಯಿಲೆ ಕೊಟ್ಟಿದ್ದೆ, ಬಾಯಿಲೆ ಕೊಡು.”

ಆಕೆಯ ಕಿವಿಗೆ ಬಾಯಿ ಹಚ್ಚಿ, “ಇನ್ಮ್ಯಾಲೆ ಇದು ನಿಂದು” ಎಂದೆ. ಆಮೇಲೆ ಹೆಸರು ಹಿಡಿದು ಕರೆದೆ.

“ಓ” ಎಂದಳು.

ಆ ದನಿ ನಾನು ಕೇಳಿದ್ದ ಆಯಿಯ ದನಿಯಲ್ಲ. “ಇನ್ನೊಮ್ಮೆ ಕರಿ. ದೂರ ನಿಂತು ಕರಿ” ಎಂದಳು. ಓಣಿಯ ಆ ತುದಿಗೆ ಹೋಗಿ ಕೂಗಿದೆ. “ಓ, ಬಂದೆ” ಎಂದಳು, ಕುಳಿತಲ್ಲೇ. ನೀರಿನ ನಲ್ಲಿಯ ಹತ್ತಿರ ನಿಂತಿದ್ದ ಹೇಮಾವತಿ ಚಿಗವ್ವ ಮೊದಲು ಬೆಚ್ಚಿಬಿದ್ದಳು, ಆಮೇಲೆ ತಾನೂ ಕೂಗಿದಳು. ಕುರಿ ಹೊಡೆದುಕೊಂಡು ಬಂದ ಹನುಮಣ್ಣ ಕಾಕಾ ಕೂಗಿದ. ಒಂದೊಂದು ಬಾಗಿಲಿನಿಂದ ಒಬ್ಬೊಬ್ಬರು ಕೂಗಿದರು. ಗದ್ದೆಯ ಕಡೆಯಿಂದ ಎಳೆ ಮಂಜು ಏಳುತ್ತಿತ್ತು, ಅದರೊಳಗಿನಿಂದ ಮುದುಕಮ್ಮಾ ಮುದುಕಮ್ಮಾ ಎಂದು ದನಿಗಳು ಬರುತ್ತಿದ್ದವು. ಆಕೆ ಎಲ್ಲದಕ್ಕೂ ಓ ಎನ್ನುತ್ತ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಕುಳಿತಿದ್ದಳು. ಇದೂ ಕನಸೇ ಇರಬೇಕು, ಕಂಡಕ್ಟರ್ ಬಂದು ಬಾಗಿಲು ಬಡಿಯುತ್ತಾನೆ ಎಂದು ನಾನು ಕಾಯುತ್ತಿದ್ದೆ.

ಯಾರೂ ಬಡಿಯಲಿಲ್ಲ. ನಮ್ಮ ಮನೆಯ ಹೊಸ್ತಿಲಲ್ಲಿ ಅವ್ವ ನಿಂತಿದ್ದಳು. ಅವಳೊಬ್ಬಳು ಕೂಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಸೋಮವಾರ ಬೆಳಗ್ಗೆ ಏನೋ ಆಗಿರುತ್ತದೆ ಎಂದು ಅಂಜಿ ಮೊದಲು ಕಟ್ಟೆಯತ್ತ ನೋಡಿದೆ. ಮುದುಕಮ್ಮಾಯಿ ಹಾಲಿನವನ ಜೊತೆ, ನಿನ್ನ ಹಾಲಿಗಿಂತ ಕಾಲುವೆ ನೀರು ಗಟ್ಟಿ ಎಂದು ಜಗಳ ತೆಗೆದಿದ್ದಳು. ನಾನು ನಿರಾಳವಾಗಿ ನಕ್ಕು, ಶಾಲೆಗೆ ಫೋನ್ ಮಾಡಿ ರಜೆ ಹೇಳಿದೆ. ಅವ್ವ ನಗಲಿಲ್ಲ. ಗದ್ದೆಯಲ್ಲಿ ಭತ್ತದ ಸಸಿ ಹಚ್ಚುವ ಕೂಲಿ ಬಿಟ್ಟು, ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ನಾನೂ ಬರತೀನಿ ಕೊಪ್ಪಳಕ್ಕ. ಅಕಿದು ಅಕಿಗೆ ಹೋತು. ಹೊಸಾದು ಇನ್ನೂ ಬಂದಿಲ್ಲ. ಈಗ ನಿನ್ನ ಮ್ಯಾಲೆ ಏನೂ ಇಲ್ಲ” ಎಂದು ನನ್ನ ಮುಂಗೈ ಹಿಡಿದಳು. ಬಸ್ಸಿನಲ್ಲಿ ಬಿಡಲಿಲ್ಲ. ರಸ್ತೆ ದಾಟುವಾಗ ಬಿಡಲಿಲ್ಲ. ವಕೀಲರ ಕೋಣೆಯ ಬೆಂಚಿನ ಮೇಲೂ ಹಿಡಿದೇ ಕುಳಿತಳು.

ಪ್ರಭುರಾಜ ವಕೀಲರು ಕಾಗದ ತೆಗೆದು ಅವ್ವನಿಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು. ಹೆನ್ಸ್‌ಫೋರ್ತ್ ಬಂದಾಗ, “ಇನ್ಮ್ಯಾಲೆ, ಅಂದ್ರ ಈ ಗಳಿಗಿಯಿಂದ ಸಾಯೂತನ” ಎಂದರು. ಅವ್ವನ ಹಿಡಿತ ಬಿಗಿಯಾಯಿತು.

“ಸಾಹೇಬ್ರ, ಸುನಿತಾ ಅಂದ್ರ ಯಾರ ಹೆಸರ್ರಿ?”

“ಯಾರದೂ ಅಲ್ಲ. ಇಕಿಗೆ ಬೇಕಾಗೇತಿ, ಇಟಗೋತಾಳ.”

“ಯಾರದೂ ಅಲ್ಲಂದ್ರ ಅದರಾಗ ಯಾರ ಆಯುಷ್ಯನೂ ಇಲ್ಲ” ಎಂದಳು ಅವ್ವ. “ಅದರ ಮಗ್ಗಲಕ ಒಂದೀಟು ಜಾಗ ಐತೇನ್ರಿ?”

“ಯಾಕ?”

“ನಂದು ಬರೀರಿ. ಹುಲಿಗವ್ವ ಅಂತ. ನಾ ಕೊಡತೀನಿ.”

ವಕೀಲರು ಕನ್ನಡಕ ತೆಗೆದರು. “ಬರೀಬಹುದು. ಸುನಿತಾ ಹುಲಿಗವ್ವ. ತಾಯಿ ಹೆಸರು ಹಚ್ಚಿಗೊಳ್ಳಾಕ ಅಡ್ಡಿ ಇಲ್ಲ. ಆದ್ರ ನಿಮ್ಮ ಹೆಸರು ನಿಮಗೂ ಇರತೈತಿ ತಾಯಿ, ಕೊಟ್ಟೆ ಅಂದ್ರ ಹೋಗಂಗಿಲ್ಲ.”

“ನಿಮ್ಮಲ್ಲಿ ಇದ್ದೀತ್ರಿ. ನಮ್ಮಲ್ಲಿ ಇರಂಗಿಲ್ಲ.”

“ಅವ್ವಾ, ಬ್ಯಾಡ” ಎಂದೆ. ನಿನ್ನೆಯಷ್ಟೇ ಆ ಕಟ್ಟೆಯ ಮೇಲೆ ಕಂಡದ್ದು ಕಣ್ಣ ಮುಂದಿತ್ತು. “ಆಯಿ ಹ್ಯಾಂಗ ಅತ್ಲು, ನೀ ನೋಡಿಲ್ಲೇನು?”

“ನೋಡೀನಿ. ನೀ ಹುಟ್ಟಿದಾಗಿಂದ ಅಕಿ ತಡಕೊಂಡಾಳ. ಹೊರಗಿನಾಕಿ ತಡಕೊಂಡಾಳ. ನಾ ಹಡದಾಕಿ, ನನಗ ತಡಕೊಳ್ಳಾಕ ಆಗಂಗಿಲ್ಲೇನು?”

ಹೊಸ ಹಾಳೆ ಟೈಪಾಯಿತು. ಅವ್ವ ಅದನ್ನು ಓದಲಾರಳು, ತನ್ನ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳು ಆಡಿಸಿದಳು. ಆಮೇಲೆ ವಕೀಲರ ಕಡೆ, ಟೈಪು ಮಾಡುತ್ತಿದ್ದ ಯೂಸುಫನ ಕಡೆ, ನನ್ನ ಕಡೆ ತಿರುಗಿ, “ಇನ್ಮ್ಯಾಲೆ ನನ್ನ ಯಾರೂ ಹಂಗ ಕರೀಬ್ಯಾಡ್ರಿ” ಎಂದಳು. ಕೋಳಿ ಬೆದರಿಸುವ ಇನ್ಮ್ಯಾಲೆಯಲ್ಲ ಅದು. ಪಾಠದ ರಾಜ ಕೂಡ ಅಷ್ಟು ಗಟ್ಟಿಯಾಗಿ ಹೇಳಿರಲಿಕ್ಕಿಲ್ಲ.

ನಾನು ಸಹಿ ಮಾಡದೆ ಎದ್ದು ಬರಬಹುದಿತ್ತು. ಬಂದರೆ ಅವ್ವ ಇನ್ನೆಂದೂ ನೆಮ್ಮದಿಯಿಂದ ಮಲಗುವುದಿಲ್ಲ ಎಂದು ಗೊತ್ತಿತ್ತು. ಮುಂಗೈ ಅವಳ ಹಿಡಿತದಲ್ಲಿದ್ದಂತೆಯೇ ಸಹಿ ಮಾಡಿದೆ. ಅಕ್ಷರ ಸ್ವಲ್ಪ ಸೊಟ್ಟಗಾದವು. ಪೆನ್ನು ಎತ್ತಿದೆ. ಅವ್ವ ಕೈ ಬಿಟ್ಟಳು, ಬಸ್‌ಸ್ಟ್ಯಾಂಡಿನಲ್ಲಿ ಎರಡು ಮಿರ್ಚಿ ಭಜಿ ಕೊಡಿಸಿದಳು, ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟು ಗಂಗಾವತಿಯ ತನಕ ನಿದ್ದೆ ಮಾಡಿದಳು.

ಸಂಜೆ ಅಪ್ಪ ಮಿಲ್ಲಿನಿಂದ ಬಂದ. ತೌಡಿನ ಧೂಳು ತುಂಬಿದ ತಲೆ ಕೊಡವುತ್ತ ಅಂಗಳದಿಂದಲೇ ಕೂಗಿದ, “ಹುಲಿಗವ್ವಾ, ನೀರು ತಾ.”

ಅವ್ವ ಒಲೆಯ ಮುಂದೆ ಕುಳಿತಿದ್ದಳು. ಅಲುಗಾಡಲಿಲ್ಲ.

“ಹುಲಿಗವ್ವಾ! ಕಿವಿ ಕೇಳಂಗಿಲ್ಲೇನು?”

ಅವ್ವ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು. ಗಂಟಲಲ್ಲಿ ಏನೋ ಏರಿ ಇಳಿದದ್ದು ನನಗೆ ಕಂಡಿತು. ನಾನು ಹೊರಗೆ ಹೋಗಿ ಅಪ್ಪನಿಗೆ ನೀರು ಕೊಟ್ಟು, ಆದದ್ದನ್ನು ಹೇಳಿದೆ. ಅವನು ಚೆಂಬು ಕೈಯಲ್ಲಿ ಹಿಡಿದೇ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ಮನೆ ಅವನ ಹೆಸರಿನಲ್ಲಿದೆ, ಅರ್ಧ ಎಕರೆ ಗದ್ದೆ ದೊಡ್ಡಪ್ಪನ ಹೆಸರಿನಲ್ಲಿದೆ. ಅವ್ವನ ಹೆಸರಿನಲ್ಲಿ ಇದ್ದದ್ದು ಆ ಹೆಸರೊಂದೇ. ಅದನ್ನೂ ನಾನು ತೆಗೆದುಕೊಂಡಿದ್ದೆ. ನಿಂತಲ್ಲೇ ಅಳು ಬಂತು, ತಡೆಯಲು ಹೋಗಲಿಲ್ಲ.

ಒಳಗೆ ಹೋಗಿ ಅವಳ ಬೆನ್ನ ಹಿಂದೆ ನಿಂತೆ. ಏನೆಂದು ಕರೆಯುವುದು ಎಂದು ಒಂದು ಕ್ಷಣ ತಿಳಿಯಲಿಲ್ಲ.

“ಅವ್ವಾ” ಎಂದೆ.

ಅದಕ್ಕೆ ತಿರುಗಿದಳು. “ಏನ ಸುನಿತಾ?” ಎಂದಳು.